ಖಿಡಕಿ ಇಡುವ ಮುಂಚೆ ಒಂದು ಮಾತು

ಬಾಲ್ಕನಿಗೆ ಗ್ರಿಲ್ ಹಾಕಿಸಲು ಅಪಾರ್ಟ್‌ಮೆಂಟ್ ಸಂಘದ ಒಪ್ಪಿಗೆ ಬೇಕು ಎಂಬ ನಿಯಮ ಎಲ್ಲಿಂದ ಬಂತು? ಅದರ ಜಾಡು ಹಿಡಿದರೆ ಮುಂಬೈ, ವಾಷಿಂಗ್ಟನ್, ಪೋರ್ಟೊ ರಿಕೊ ದಾಟಬೇಕು. ನಿಯಮದ ಒಳಗಿನ ವಿಚಾರ ಮಾತ್ರ ಕಲಬುರಗಿ ಸೀಮೆಯಲ್ಲೇ ಸಿಗುತ್ತದೆ.

ಅದೇ ಸೀಮೆಯ ನಮ್ಮೂರು ನೆಲೋಗಿಯ ಓಣಿಯಲ್ಲಿ ಮನೆಗಳು ಒಂದಕ್ಕೊಂದು ಬೆನ್ನು ಕೊಟ್ಟು ನಿಂತಿದ್ದವು. ಎರಡು ಮನೆಗೆ ಒಂದೇ ಗೋಡೆ. ಅದಕ್ಕೆ ಸಾಮಾಯಿಕ ಗ್ವಾಡಿ ಎನ್ನುತ್ತಿದ್ದರು. ನಾನಾಗ ಶಾಲೆಗೆ ಹೋಗುವ ಹುಡುಗ. ಅಡುಗೆಮನೆಯ ಹೊಗೆ ಹೋಗಲು ಒಂದು ಖಿಡಕಿ ಇಡಬೇಕೆಂದು ಮನೆಯಲ್ಲಿ ಮಾತಾಯಿತು. ಗೌಂಡಿ ಬರುವ ಹಿಂದಿನ ಸಂಜೆ ಮುತ್ಯಾ ಪಕ್ಕದ ಮನೆಯ ಕಟ್ಟೆಯ ಮೇಲೆ ಹೋಗಿ ಕೂತರು.

‘ತಮ್ಮಾ, ನಿಮ್ಮ ಅಂಗಳದ ಕಡೆ ಒಂದು ಖಿಡಕಿ ಇಡಬೇಕಂತ ಮಾಡೀವಿ. ನಿಂದೇನರ ತಕರಾರು ಅದ ಏನು?’

‘ಇಡ್ರಿ ಕಾಕಾ, ತಕರಾರು ಎಲ್ಲಿದು. ಹೆಣ್ಮಕ್ಕಳು ಅಂಗಳದಾಗ ಜಳಕಾ ಮಾಡ್ತಾರ, ಜರಾ ಮ್ಯಾಲ ಇಡ್ರಿ ಅಷ್ಟ.’

ಎದೆಮಟ್ಟದಲ್ಲಿ ಬರಬೇಕಿದ್ದ ಖಿಡಕಿ ತಲೆಗಿಂತ ಮೇಲಕ್ಕೆ ಹೋಯಿತು. ಹೊಗೆಗೆ ಅಷ್ಟು ಸಾಕಿತ್ತು.

ಎಷ್ಟೋ ವರ್ಷಗಳ ಮೇಲೆ ಬೆಂಗಳೂರಿನ ಒಂದು ಅಪಾರ್ಟ್‌ಮೆಂಟಿನಲ್ಲಿ ಮುತ್ಯಾನ ಜಾಗದಲ್ಲಿ ನಾನಿದ್ದೆ. ಮನೆಯಲ್ಲಿ ಅಂಬೆಗಾಲಿಡುವ ಮಗು, ಬಾಲ್ಕನಿಯ ತುಂಬ ಪಾರಿವಾಳ. ಗ್ರಿಲ್ ಹಾಕಿಸಲು ಸಂಘಕ್ಕೆ ಅರ್ಜಿ ಕೊಟ್ಟೆ. ಎರಡು ತಿಂಗಳಾದರೂ ಹೌದು ಎಂಬ ಉತ್ತರವೂ ಬರಲಿಲ್ಲ, ಇಲ್ಲ ಎಂಬುದೂ ಬರಲಿಲ್ಲ. ಕೇಳಿದಾಗಲೆಲ್ಲ ‘ಮುಂದಿನ ಸಭೆಯಲ್ಲಿ ನೋಡೋಣ’ ಎಂದರು. ಸಾಲ ಮಾಡಿ ಕೊಂಡ ಮನೆಯ ಹೊರಮೈ ಯಾರದು ಎಂಬ ಪ್ರಶ್ನೆ ಆಗ ನನ್ನನ್ನು ಹಿಡಿಯಿತು.

ನಿಯಮ ನಡೆದು ಬಂದ ದಾರಿ

ಒಂದೇ ಕಟ್ಟಡದ ಬೇರೆ ಬೇರೆ ಮಹಡಿಗಳಿಗೆ ಬೇರೆ ಬೇರೆ ಒಡೆಯರಿರುವುದು ಯುರೋಪಿನ ಹಳೆಯ ಊರುಗಳಿಗೆ ಹೊಸದಲ್ಲ. 1804ರ ಫ್ರೆಂಚ್ ನಾಗರಿಕ ಸಂಹಿತೆಯಲ್ಲೇ ಅದಕ್ಕೊಂದು ವಿಧಿಯಿತ್ತು. ಚಾವಣಿ ಮತ್ತು ಮುಖ್ಯ ಗೋಡೆಗಳ ಖರ್ಚು ಎಲ್ಲರ ಮೇಲೆ, ತಾನು ನಡೆದಾಡುವ ನೆಲದ ಖರ್ಚು ಆಯಾ ಮಹಡಿಯವನ ಮೇಲೆ. ಇದೇ ವಿಚಾರವನ್ನು ಇಂದಿನ ಬಹುಮಹಡಿ ಕಟ್ಟಡಕ್ಕೆ ಹೊಂದಿಸಿ 1958ರಲ್ಲಿ ಪೋರ್ಟೊ ರಿಕೊ ದ್ವೀಪ ಒಂದು ಕಾಯ್ದೆ ಮಾಡಿತು. 1961ರಲ್ಲಿ ಅಮೆರಿಕದ ಸಂಸತ್ತು ಇಂಥ ಫ್ಲ್ಯಾಟುಗಳ ಮೇಲಿನ ಸಾಲಕ್ಕೂ ಸರ್ಕಾರದ ವಿಮೆ ಸಿಗುವಂತೆ ಮಾಡಿತು. ಮರುವರ್ಷ ಅಲ್ಲಿನ ಫೆಡರಲ್ ಹೌಸಿಂಗ್ ಅಡ್ಮಿನಿಸ್ಟ್ರೇಷನ್ ಎಲ್ಲ ರಾಜ್ಯಗಳಿಗೂ ಒಂದು ಮಾದರಿ ಕಾಯ್ದೆಯನ್ನು ಸಿದ್ಧಪಡಿಸಿತು.

ಆ ಮಾದರಿಯ ಒಂದು ಕಲಮಿನಲ್ಲಿ ನನ್ನ ಬಾಲ್ಕನಿಯ ಕಥೆ ಅಡಗಿದೆ. ಕಟ್ಟಡದ ಭದ್ರತೆಗೆ ಧಕ್ಕೆ ತರುವ, ಅದರ ಬೆಲೆ ಇಳಿಸುವ, ಇತರರ ಅನುಭೋಗದ ಹಕ್ಕಿಗೆ ಅಡ್ಡಿಯಾಗುವ ಯಾವ ಕೆಲಸವನ್ನೂ ಉಳಿದೆಲ್ಲ ಮಾಲೀಕರ ಸರ್ವಾನುಮತವಿಲ್ಲದೆ ಮಾಡುವಂತಿಲ್ಲ ಎಂದು ಅದು ಹೇಳುತ್ತದೆ. ಮುಂಬೈಯಲ್ಲಿ ಫ್ಲ್ಯಾಟುಗಳು ಏಳುತ್ತಿದ್ದ ಕಾಲದಲ್ಲಿ ಮಹಾರಾಷ್ಟ್ರ 1970ರ ಅಪಾರ್ಟ್‌ಮೆಂಟ್ ಒಡೆತನ ಕಾಯ್ದೆಯಲ್ಲಿ ಈ ಕಲಮನ್ನು ಹೆಚ್ಚುಕಡಿಮೆ ಹಾಗೆಯೇ ತೆಗೆದುಕೊಂಡಿತು. ಅದರ ಬೆನ್ನಿಗೇ ಬಂದ 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಒಡೆತನ ಕಾಯ್ದೆಯಲ್ಲಿ ಅದೇ ಮಾತು 8ನೇ ಕಲಮಾಗಿ ಕೂತಿತು. ನೆಲ, ಅಡಿಪಾಯ, ಕಂಬ, ತೊಲೆ, ಮುಖ್ಯ ಗೋಡೆ, ಚಾವಣಿ, ಮೆಟ್ಟಿಲು ಇವೆಲ್ಲ ಎಲ್ಲರ ಸಾಮಾಯಿಕ. ಅದರಲ್ಲಿ ಪ್ರತಿಯೊಬ್ಬನಿಗೂ ಪಾಲುಂಟು, ಆ ಪಾಲನ್ನು ಬೇರೆ ಮಾಡಿ ಕೊಡಿ ಎಂದು ಕೇಳುವ ಹಕ್ಕಿಲ್ಲ.

ಸಂಘಗಳಿಗೆಂದು ಮಾಡಿದ ಮಾದರಿ ಉಪವಿಧಿಗಳೂ ಇದೇ ದಾರಿಯಲ್ಲಿ ಬಂದವು. ಕಿಟಕಿ, ಬಾಲ್ಕನಿಗಳಿಂದ ಬಟ್ಟೆ ಇಳಿಬಿಡಬಾರದು, ಕಟ್ಟಡದ ಹೊರಭಾಗಕ್ಕೆ ರತ್ನಗಂಬಳಿ ಬಡಿದು ಧೂಳು ಝಾಡಿಸಬಾರದು, ಸಂಘದ ಅನುಮತಿಯಿಲ್ಲದೆ ಹೊರಗೋಡೆಯಲ್ಲಿ ಆಂಟೆನಾ, ಎ.ಸಿ. ಯಂತ್ರ, ವೈರು ಹಾಕಬಾರದು. ರತ್ನಗಂಬಳಿಯ ಮಾತು ಅಮೆರಿಕದ ಮಾದರಿಯಲ್ಲಿತ್ತು. ನಮ್ಮಲ್ಲಿ ಆ ನಿಯಮ ಬಂದು ತಾಗಿದ್ದು ಅವ್ವ ಊರಿಂದ ಕಟ್ಟಿಕೊಟ್ಟ ಕೌದಿಗೆ. ಮಾಳಗಿಯ ಮೇಲೆ ಕೌದಿ ಹಾಸಿ ಬಿಸಿಲಿಗೆ ಹಾಕಿ ಬೆಳೆದವರಿಗೆ ಬಾಲ್ಕನಿಯ ಕಂಬಿಗೆ ಅದನ್ನು ಹಾಕಬಾರದೆನ್ನುವುದು ಸುಲಭಕ್ಕೆ ಒಗ್ಗುವ ಮಾತಲ್ಲ.

ಮರತೂರಿನ ವಿವೇಕ

ಕಾಯ್ದೆಯ ಅಕ್ಷರಗಳು ಹೊರಗಿನಿಂದ ಬಂದವು, ನಿಜ. ಆದರೆ ಪಾಲಾಗದ ಆಸ್ತಿಯಲ್ಲಿ ಒಬ್ಬನ ಕೈ ಎಷ್ಟು ದೂರ ಚಾಚಬಹುದು ಎಂಬ ಪ್ರಶ್ನೆಯನ್ನು ಬಹಳ ಹಿಂದೆಯೇ ಎತ್ತಿಕೊಂಡವನು ನಮ್ಮ ಸೀಮೆಯ ವಿಜ್ಞಾನೇಶ್ವರ. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ (1076–1126) ಕಾಲದವನು. ಕಲಬುರಗಿ ಜಿಲ್ಲೆಯ ಮರತೂರು ಅವನ ಊರೆಂದು ಹೇಳುತ್ತಾರೆ. ಯಾಜ್ಞವಲ್ಕ್ಯ ಸ್ಮೃತಿಗೆ ಅವನು ಬರೆದ ಮಿತಾಕ್ಷರ ವ್ಯಾಖ್ಯಾನದ ದಾಯಭಾಗವನ್ನು 1810ರಲ್ಲಿ ಕೋಲ್‌ಬ್ರೂಕ್ ಇಂಗ್ಲಿಷಿಗೆ ತಂದ ಮೇಲೆ ದೇಶದ ಬಹುಭಾಗದ ನ್ಯಾಯಾಲಯಗಳು ಅವಿಭಕ್ತ ಕುಟುಂಬದ ವ್ಯಾಜ್ಯಗಳಲ್ಲಿ ಅದನ್ನೇ ಆಧಾರವಾಗಿ ಹಿಡಿದವು.

ಭೂಮಿ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಗಲು ಆರು ಬೇಕು ಎಂಬ ಹಳೆಯ ವಚನವೊಂದನ್ನು ವಿಜ್ಞಾನೇಶ್ವರ ಎತ್ತಿಕೊಳ್ಳುತ್ತಾನೆ. ಊರಿನವರು, ಬಂಧುಗಳು, ನೆರೆಯವರು, ದಾಯಾದಿಗಳು ಇವರ ಒಪ್ಪಿಗೆ, ಜೊತೆಗೆ ಹೊನ್ನು ಮತ್ತು ನೀರು. ಆದರೆ ಎಲ್ಲ ಒಪ್ಪಿಗೆಗಳ ತೂಕ ಒಂದೇ ಅಲ್ಲ ಎನ್ನುತ್ತಾನೆ. ಊರಿನವರನ್ನು ಕೇಳುವುದು ವ್ಯವಹಾರ ನಾಲ್ಕು ಜನಕ್ಕೆ ತಿಳಿದಿರಲಿ ಎಂದು. ಅವರು ಒಪ್ಪದಿದ್ದರೆ ವ್ಯವಹಾರವೇ ಬಿದ್ದುಹೋಗುವುದಿಲ್ಲ. ನೆರೆಯವರನ್ನು ಕೇಳುವುದು ನಾಳೆ ಗಡಿಯ ತಕರಾರು ಬಾರದಿರಲಿ ಎಂದು. ಅವಿಭಕ್ತ ಆಸ್ತಿಯ ಪಾಲುದಾರರ ಒಪ್ಪಿಗೆ ಮಾತ್ರ ಬೇಕೇ ಬೇಕು, ಏಕೆಂದರೆ ಅಲ್ಲಿ ಯಾರೊಬ್ಬರೂ ಪೂರ್ಣ ಒಡೆಯರಲ್ಲ. ಅದರಲ್ಲೂ ಆಪತ್ತು, ಕುಟುಂಬದ ಅಗತ್ಯ, ಧರ್ಮಕಾರ್ಯ ಎದುರಾದರೆ ಒಬ್ಬನೇ ಮುಂದಾಗಬಹುದು ಎಂದು ಬಾಗಿಲು ತೆರೆದಿಟ್ಟಿದ್ದಾನೆ.

ಇದನ್ನು ಓದಿದಾಗ ನನ್ನ ಗೊಂದಲ ತಿಳಿಯಾಯಿತು. ನಮ್ಮ ಕಾಯ್ದೆಯಲ್ಲೂ ಒಪ್ಪಿಗೆಗೆ ಎರಡು ತೂಕಗಳಿವೆ. ಕಟ್ಟಡದ ಭದ್ರತೆಗೆ ಕುಂದು ತರುವ ಕೆಲಸಕ್ಕೆ ಎಲ್ಲರೂ ಒಪ್ಪಬೇಕು. ತನ್ನ ಫ್ಲ್ಯಾಟಿನ ಬದಲಾವಣೆಗೆ ಮಾದರಿ ಉಪವಿಧಿ ಹೇಳುವ ದಾರಿ ಬೇರೆ. ಮಾಲೀಕ ಸಂಘಕ್ಕೆ ಮೊದಲೇ ಬರೆದು ತಿಳಿಸಬೇಕು, ಸಂಘ 30 ದಿನದೊಳಗೆ ಉತ್ತರ ಕೊಡಬೇಕು, ಕೊಡದಿದ್ದರೆ ಅದರ ತಕರಾರಿಲ್ಲ ಎಂದರ್ಥ. ಕೇಳುವುದು ಮಾಲೀಕನ ಕರ್ತವ್ಯವಾದರೆ, ಹೊತ್ತಿಗೆ ಸರಿಯಾಗಿ ಉತ್ತರಿಸುವುದು ಸಂಘದ ಕರ್ತವ್ಯ. ಮೊದಲನೆಯದನ್ನು ಎಲ್ಲ ಸಂಘಗಳೂ ಗೋಡೆಗೆ ಅಂಟಿಸುತ್ತವೆ. ಎರಡನೆಯದನ್ನೂ ಅದರ ಪಕ್ಕದಲ್ಲೇ ಅಂಟಿಸಬೇಕು.

ಬಿಲ್ಡರ್ ಕೂಡ ಇದಕ್ಕೆ ಹೊರತಲ್ಲ. 2016ರ ರಿಯಲ್ ಎಸ್ಟೇಟ್ ಕಾಯ್ದೆಯ ಪ್ರಕಾರ, ಮಂಜೂರಾದ ಕಟ್ಟಡ ನಕ್ಷೆಯನ್ನೋ ಸಾಮಾನ್ಯ ಜಾಗಗಳನ್ನೋ ಬದಲಿಸಲು ಮನೆ ಕೊಂಡವರಲ್ಲಿ ಕನಿಷ್ಠ ಮೂರನೇ ಎರಡರಷ್ಟು ಜನರ ಲಿಖಿತ ಒಪ್ಪಿಗೆ ಬೇಕು. ಇತ್ತ ನೆಲೋಗಿಯಂಥ ಊರಲ್ಲೂ ಮನೆ ಕಟ್ಟಲು, ಇದ್ದ ಮನೆಯನ್ನು ಬದಲಿಸಲು 1993ರ ಪಂಚಾಯತ್ ರಾಜ್ ಕಾಯ್ದೆಯ 64ನೇ ಕಲಮಿನಂತೆ ಗ್ರಾಮ ಪಂಚಾಯಿತಿಯ ಲಿಖಿತ ಅನುಮತಿ ಪಡೆಯಬೇಕು. ಆದರೆ ಪಂಚಾಯಿತಿಯ ಕಾಗದಕ್ಕೆ ಪಕ್ಕದ ಮನೆಯ ಅಂಗಳದಲ್ಲಿ ಯಾರು ಜಳಕ ಮಾಡುತ್ತಾರೆಂಬುದು ಗೊತ್ತಿರುವುದಿಲ್ಲ. ಅದು ಗೊತ್ತಾಗಬೇಕಾದರೆ ಹೋಗಿ ಕಟ್ಟೆಯ ಮೇಲೆ ಕೂರಬೇಕು.

ಒಂದು ಗೇಣು ಒಳಕ್ಕೆ

30 ದಿನ ಕಳೆದಿತ್ತು. ಉಪವಿಧಿ ತೋರಿಸಿ ನಾನು ಗ್ರಿಲ್ ಹಾಕಿಸಿಬಿಡಬಹುದಿತ್ತು. ಆದರೆ ಮುತ್ಯಾ ನೆನಪಾದರು. ಗ್ರಿಲ್ಲಿನ ನಕ್ಷೆ ಹಿಡಿದು ಅಕ್ಕಪಕ್ಕದವರ, ಮೇಲಿನವರ, ಕೆಳಗಿನವರ ಮನೆಗೆ ಹೋದೆ. ಬಹಳ ಮಂದಿ ‘ಹಾಕಿಸಿ’ ಎಂದರು. ಮೇಲಿನ ಮನೆಯವರು, ಬೆಂಕಿ ಬಿದ್ದರೆ ಹೊರಬರಲು ತೆರೆಯುವ ಬಾಗಿಲೊಂದನ್ನು ಗ್ರಿಲ್ಲಿನಲ್ಲಿ ಬಿಡಲು ಹೇಳಿದರು. ಅದು ನನಗೆ ಹೊಳೆದೇ ಇರಲಿಲ್ಲ. ಕೆಳಗಿನ ಮನೆಯ ಅಜ್ಜಿ ನಕ್ಷೆಯನ್ನು ಬಹಳ ಹೊತ್ತು ನೋಡಿ, ‘ಗ್ರಿಲ್ ಹೊರಗೆ ಚಾಚಿದರೆ ಮಳೆಯ ನೀರು ನನ್ನ ತುಳಸಿ ಕುಂಡಕ್ಕೇ ಬೀಳುತ್ತಲ್ಲಪ್ಪಾ’ ಎಂದರು.

ಗ್ರಿಲ್ ಒಂದು ಗೇಣು ಒಳಕ್ಕೆ ಬಂತು, ಅದಕ್ಕೊಂದು ಬಾಗಿಲೂ ಬಂತು. ಸಹಿಗಳಿದ್ದ ಹಾಳೆಯನ್ನು ಸಂಘಕ್ಕೆ ಕೊಟ್ಟ ವಾರದಲ್ಲೇ ಒಪ್ಪಿಗೆ ಸಿಕ್ಕಿತು. ಅದೇ ನಕ್ಷೆ ಈಗ ನಮ್ಮ ಕಟ್ಟಡಕ್ಕೆಲ್ಲ ಮಾದರಿ. ಹೊಸದಾಗಿ ಕೇಳುವವರು ಎರಡು ತಿಂಗಳು ಕಾಯಬೇಕಾಗಿಲ್ಲ.

ಮೊನ್ನೆ ಊರಿಗೆ ಹೋದಾಗ ಮುತ್ಯಾ ಇಡಿಸಿದ ಖಿಡಕಿ ನೋಡಿದೆ. ಹೊಗೆಗೆ ಕಪ್ಪಾದ ಆ ಖಿಡಕಿ ಇನ್ನೂ ತಲೆಗಿಂತ ಮೇಲೆಯೇ ಇದೆ. ಪಕ್ಕದ ಅಂಗಳದಲ್ಲಿ ಈಗ ಬಚ್ಚಲುಮನೆ ಕಟ್ಟಿದ್ದಾರೆ. ಅದನ್ನು ಕಟ್ಟುವ ಹಿಂದಿನ ಸಂಜೆ ಅವರ ಮಗ ನಮ್ಮ ಕಟ್ಟೆಗೆ ಬಂದು ಕೂತಿದ್ದನಂತೆ.