ಖಂಭಾತ್ ಕೊಲ್ಲಿಯ ‘ನಗರ’ ಮತ್ತು ಸೋನಾರ್ ಚಿತ್ರ

ಗುಜರಾತಿನ ಖಂಭಾತ್ ಕೊಲ್ಲಿಯ ತಳದಲ್ಲಿ 9,500 ವರ್ಷ ಹಳೆಯ ನಗರವಿದೆ, ಅದರ ಬೀದಿ, ಮನೆಗಳೆಲ್ಲ ಸೋನಾರ್ ಚಿತ್ರದಲ್ಲಿ ಕಾಣುತ್ತವೆ ಎಂಬ ಸಂದೇಶ ಇಂದಿಗೂ ಮೊಬೈಲಿನಿಂದ ಮೊಬೈಲಿಗೆ ಹರಿದಾಡುತ್ತಿದೆ. ಚಿತ್ರವೇ ಕಣ್ಣೆದುರಿಗಿರುವಾಗ ಅನುಮಾನವೇಕೆ ಎಂಬುದು ನಂಬಿದವರ ವಾದ.

ಅದು ಫೋಟೊ ಅಲ್ಲ.

ಸೈಡ್ ಸ್ಕ್ಯಾನ್ ಸೋನಾರನ್ನು ಹಡಗಿನ ಹಿಂದೆ ಕಟ್ಟಿ ಎಳೆಯುತ್ತಾರೆ. ಅದು ಎರಡೂ ಬದಿಗೆ ಶಬ್ದದ ಅಲೆ ಬಿಟ್ಟು, ಮರಳಿದ ಪ್ರತಿಧ್ವನಿಯ ಬಲವನ್ನು ದಾಖಲಿಸುತ್ತದೆ. ಪ್ರವಾಹ ಮೂಡಿಸಿದ ಮರಳಿನ ಸಾಲುಗಳೂ ಬಿರುಕುಬಿಟ್ಟ ಬಂಡೆಯೂ ಅದರಲ್ಲಿ ಗೆರೆ ಎಳೆದಷ್ಟು ನೇರವಾಗಿ ಕಾಣಬಲ್ಲವು. ಉಪಕರಣ ಓಲಾಡಿದರೆ ತಳದಲ್ಲಿ ಇಲ್ಲದ ಪಟ್ಟೆಗಳೂ ಮೂಡುತ್ತವೆ. ಖಂಭಾತ್‌ನಲ್ಲಿ ಭರತ ಇಳಿತಗಳ ಅಂತರ 10 ಮೀಟರ್ ಮುಟ್ಟುತ್ತದೆ. ಅಲ್ಲಿನ ಸೆಳೆತ ಸಾಮಾನ್ಯದ್ದಲ್ಲ.

ಚೆನ್ನೈನ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆ ಅಲ್ಲಿಗೆ ಹೋದದ್ದು ಮಾಲಿನ್ಯದ ಸಮೀಕ್ಷೆಗೆ. ಆಗ ಸಿಕ್ಕ ಸೋನಾರ್ ಚಿತ್ರಗಳನ್ನು ನಂಬಿ 2001ರ ಮೇ ತಿಂಗಳಲ್ಲಿ ಕೇಂದ್ರ ಸಚಿವ ಮುರಳಿ ಮನೋಹರ ಜೋಶಿ ನಗರದ ಸುದ್ದಿ ಪ್ರಕಟಿಸಿದರು. ತಳದಿಂದ ಬಾಚಿ ತಂದ ಮರದ ತುಂಡೊಂದಕ್ಕೆ ಸುಮಾರು ಕ್ರಿ.ಪೂ. 7500 ಎಂಬ ಕಾಲ ಸಿಕ್ಕಿತು. ಅದು ಮರದ ವಯಸ್ಸು, ನಗರದ್ದಲ್ಲ! ನರ್ಮದೆ, ತಾಪಿ, ಮಹಿ, ಸಾಬರಮತಿ ನಾಲ್ಕೂ ಬಂದು ಸೇರುವ ಕೊಲ್ಲಿಯಲ್ಲಿ ಮರದ ತುಂಡು, ಮಡಕೆ ಚೂರು ಎಲ್ಲಿಂದಲೂ ಬಂದಿರಬಹುದು. ಯಾವ ಪದರದಲ್ಲಿ, ಯಾವ ಗೋಡೆಯ ಪಕ್ಕದಲ್ಲಿ ಇತ್ತೆಂಬುದು ತಿಳಿದರೆ ಮಾತ್ರ ಅದು ಸಾಕ್ಷಿ. ಬಾಚಿ ಎತ್ತಿದಾಗ ಆ ಸಾಕ್ಷಿಯೇ ಅಳಿಸಿಹೋಗುತ್ತದೆ.

ಇಂಥ ತಪ್ಪು ಬೇರೆಡೆಯೂ ಆಗಿದೆ. 2009ರಲ್ಲಿ ಗೂಗಲ್ ಅರ್ತ್ ನಕ್ಷೆಯಲ್ಲಿ ಕೆನರಿ ದ್ವೀಪಗಳಾಚೆ ಕಂಡ ಚೌಕಳಿ ಗೆರೆಗಳನ್ನು ಕಥೆಯಲ್ಲಿ ಮುಳುಗಿದ ಅಟ್ಲಾಂಟಿಸ್ ಎಂದರು. ಅವು ಸೋನಾರ್ ಹಡಗುಗಳು ಓಡಾಡಿದ ದಾರಿಗಳು. ಗ್ರೀಸಿನ ಜಾಕಿಂಥೋಸ್ ದ್ವೀಪದ ಬಳಿ ಮುಳುಗಿದ ನಗರದ್ದೆಂದುಕೊಂಡಿದ್ದ ‘ಕಂಬದ ಬುಡಗಳು’ ಮೀಥೇನ್ ಉಣ್ಣುವ ಸೂಕ್ಷ್ಮಜೀವಿಗಳ ಕೆಲಸದಿಂದಾದ ಖನಿಜದ ಗಂಟುಗಳೆಂದು 2016ರಲ್ಲಿ ಖಚಿತವಾಯಿತು.

ನಾಡಿನ ಪ್ರಾಚೀನತೆಯ ಹೆಮ್ಮೆಗೆ ಊಹೆಯ ನಗರವೇ ಬೇಕೆ? ಅದೇ ಕೊಲ್ಲಿಯ ತಲೆಭಾಗದಲ್ಲಿ ಲೋಥಲ್ ಇದೆ. ಶಿಕಾರಿಪುರ ರಂಗನಾಥ ರಾವ್ 1955ರಿಂದ ಪದರ ಪದರವಾಗಿ ಅಗೆದು ತೋರಿಸಿದ ಹರಪ್ಪಾ ಕಾಲದ ಪಟ್ಟಣ. ಅದನ್ನು ಫಾರ್ವರ್ಡ್ ಮಾಡುವವರು ಕಡಿಮೆ.

ಖಂಭಾತ್‌ನ ಈ ತಪ್ಪಿನಲ್ಲಿ ಸೋನಾರಿನ ದೋಷವಿಲ್ಲ. ಮುಳುಗಿದ್ದ ಇಂಗ್ಲೆಂಡಿನ ಮೇರಿ ರೋಸ್ ಹಡಗಿನ ಶೋಧದಲ್ಲಿ 1967 ಮತ್ತು 1968ರ ಸೋನಾರ್ ಸಮೀಕ್ಷೆಗಳು ಕೆಸರಿನಡಿ ಏನೋ ಹೂತಿರುವ ಸುಳಿವು ಕೊಟ್ಟವು. ಶೋಧಕರು ಅಷ್ಟಕ್ಕೇ ಘೋಷಣೆ ಹೊರಡಿಸದೆ ಮತ್ತೆ ಮತ್ತೆ ಮುಳುಗಿ ನೋಡಿದರು. ಹಡಗಿನ ಮರದ ಚೌಕಟ್ಟು ಕಣ್ಣಿಗೆ ಬಿದ್ದದ್ದು 1971ರಲ್ಲಿ.