ಬಿಪಿ ಇರುವ ಮನೆಗೆ ಉಪ್ಪು ಕಡಿಮೆ ದೋಸೆ



"ಡಾಕ್ಟ್ರು ಉಪ್ಪು ಕಮ್ಮಿ ಮಾಡು ಅಂದವ್ರೆ, ಸಪ್ಪೆ ದೋಸೆ ಹೆಂಗೆ ತಿನ್ನೋದು?" ಸಂತೆಮರಹಳ್ಳಿ ಸುತ್ತಿನ ಊರುಗಳಿಗೆ ಹಸು ನೋಡಲು ಬಂದಾಗ ಈ ಪ್ರಶ್ನೆ ಕಿವಿಗೆ ಬೀಳುತ್ತಲೇ ಇರುತ್ತದೆ. ನಾನು ದನದ ಡಾಕ್ಟರ್. ಬಿಪಿ ಮಾತ್ರೆಯ ವಿಷಯ ನಿಮ್ಮ ವೈದ್ಯರಿಗೇ ಸೇರಿದ್ದು. ಆದರೆ ಉಪ್ಪನ್ನು ಅಳೆದು ಹಾಕುವ ಲೆಕ್ಕ ನಮಗೆ ದಿನನಿತ್ಯದ್ದು. ಆ ಲೆಕ್ಕವನ್ನು ಈ ಸಲ ನಿಮ್ಮ ದೋಸೆ ಹಿಟ್ಟಿಗೆ ಹಾಕಿ ನೋಡೋಣ.

ಎಷ್ಟು ಉಪ್ಪು ಸಾಕು?

ವಯಸ್ಕರಿಗೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಸಾಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅಂದರೆ ಇಡೀ ದಿನದ ಸಾರು, ಪಲ್ಯ, ಚಟ್ನಿ ಎಲ್ಲ ಸೇರಿ ಒಂದು ಟೀ ಚಮಚ. ಉಪ್ಪಿನಲ್ಲಿ ರಕ್ತದೊತ್ತಡ ಏರಿಸುವ ಅಂಶ ಸೋಡಿಯಂ. 5 ಗ್ರಾಂ ಉಪ್ಪಿನಲ್ಲಿ ಅದು ಸುಮಾರು 2,000 ಮಿಲಿಗ್ರಾಂ ಇರುತ್ತದೆ.

ಕಣ್ಣಿಗೆ ಕಾಣದ ಸೋಡಿಯಂ ಇನ್ನೊಂದಿದೆ: ಅಡುಗೆ ಸೋಡಾ. ನಾಲಿಗೆಗೆ ಉಪ್ಪೆನಿಸದಿದ್ದರೂ ಅರ್ಧ ಚಮಚ ಸೋಡಾದಲ್ಲಿ ಸುಮಾರು 600 ಮಿಲಿಗ್ರಾಂ ಸೋಡಿಯಂ ಇದೆ. ಹಸು ಅನ್ನ, ಅಕ್ಕಿ ಅತಿಯಾಗಿ ತಿಂದು ಹೊಟ್ಟೆ ಹುಳಿಯಾದಾಗ ನಾವು ಕೊಡುವ ಸೋಡಾ ಇದೇ. ಹಸುವಿಗೆ ಅದು ಔಷಧಿ, ಬಿಪಿ ಇರುವವರ ದೋಸೆಗೆ ಬೇಡದ ವಸ್ತು.

ಎಂಟು ದೋಸೆಯ ಹಿಟ್ಟಿಗೆ ಒಂದು ಚಮಚ ಉಪ್ಪು, ಅರ್ಧ ಚಮಚ ಸೋಡಾ ಹಾಕಿದರೆ ಒಂದೊಂದು ದೋಸೆಯಲ್ಲೂ 325 ಮಿಲಿಗ್ರಾಂ ಸೋಡಿಯಂ. ಮೂರು ದೋಸೆ ತಿಂದರೆ ಇಡೀ ದಿನದ ಪಾಲಿನಲ್ಲಿ ಹತ್ತಿರ ಹತ್ತಿರ ಅರ್ಧ ಬೆಳಗ್ಗೆಯೇ ಮುಗಿಯಿತು. ಚಟ್ನಿ, ಉಪ್ಪಿನಕಾಯಿಯ ಲೆಕ್ಕ ಇನ್ನೂ ಬೇರೆ.

ಮಜ್ಜಿಗೆ ರಾಗಿ ದೋಸೆ (8 ದೋಸೆಗೆ)

• ರಾಗಿ ಹಿಟ್ಟು 1 ಲೋಟ, ಅಕ್ಕಿ ಹಿಟ್ಟು ಅರ್ಧ ಲೋಟ
• ಉಪ್ಪು ಹಾಕದ ಹುಳಿ ಮಜ್ಜಿಗೆ 1 ಲೋಟ
• ಸಣ್ಣಗೆ ಹೆಚ್ಚಿದ ಈರುಳ್ಳಿ 1, ಹಸಿಮೆಣಸಿನಕಾಯಿ 2, ಶುಂಠಿ ಚೂರು
• ಜೀರಿಗೆ 1 ಚಮಚ, ಕರಿಬೇವು, ಕೊತ್ತಂಬರಿ ಸೊಪ್ಪು
• ಉಪ್ಪು ಕಾಲು ಟೀ ಚಮಚ, ತಲೆತಟ್ಟಿ ಅಳೆದದ್ದು

ಹಿಟ್ಟನ್ನು ಮಜ್ಜಿಗೆಯಲ್ಲಿ ಗಂಟಿಲ್ಲದಂತೆ ಕಲಸಿ ಅರ್ಧ ಗಂಟೆ ಬಿಡಿ. ಹಾಲು ಕರೆದು ಡೇರಿಗೆ ಹಾಕಿ ಬರುವಷ್ಟರಲ್ಲಿ ಅದು ನೆನೆದಿರುತ್ತದೆ. ಉಳಿದದ್ದನ್ನೆಲ್ಲ ಬೆರೆಸಿ, ನೀರು ಹಾಕಿ ತೆಳ್ಳಗೆ ಮಾಡಿ. ಕಾದ ಹೆಂಚಿನ ಮೇಲೆ ಅಂಚಿನಿಂದ ನಡುವಿಗೆ ಸುರಿದು ಚೆನ್ನಾಗಿ ಬೇಯಿಸಿ. ಮಜ್ಜಿಗೆಯ ಹುಳಿ, ಶುಂಠಿಯ ಖಾರ, ಈರುಳ್ಳಿಯ ಘಮ ಸೇರಿದಾಗ ಉಪ್ಪಿನ ಕೊರತೆ ಅಷ್ಟಾಗಿ ಗೊತ್ತಾಗುವುದಿಲ್ಲ. ಇಂಥ ಮೂರು ದೋಸೆಯಲ್ಲಿ ಸೋಡಿಯಂ ಸುಮಾರು 225 ಮಿಲಿಗ್ರಾಂ ಮಾತ್ರ.

ಉದ್ದಿನ ದೋಸೆಯೇ ಬೇಕೆಂದರೆ ಅಕ್ಕಿ ಮೂರು ಪಾಲು, ಉದ್ದು ಒಂದು ಪಾಲು, ಒಂದು ಚಮಚ ಮೆಂತ್ಯ ನೆನೆಸಿ ರುಬ್ಬಿ ರಾತ್ರಿ ಇಡಿ. ಹಿಟ್ಟು ಉಬ್ಬುವುದಕ್ಕೆ ಉಪ್ಪೂ ಬೇಡ, ಸೋಡಾವೂ ಬೇಡ. ಬೆಳಗ್ಗೆ ಬಿಪಿ ಇರುವವರ ಪಾಲನ್ನು ಮೊದಲು ತೆಗೆದಿಟ್ಟು, ಉಳಿದದ್ದಕ್ಕೆ ಉಪ್ಪು ಹಾಕಿಕೊಳ್ಳಿ. ಒಂದೇ ಹಿಟ್ಟು, ಒಂದೇ ಹೆಂಚು. ಎರಡು ಅಡುಗೆಯ ಕೆಲಸವಿಲ್ಲ.

ಜೊತೆಗೆ ಏನು?

ಕಾಯಿ ಚಟ್ನಿಗೆ ನಿಂಬೆಹುಳಿ, ಬೆಳ್ಳುಳ್ಳಿ, ಪುದೀನ ಧಾರಾಳವಾಗಿರಲಿ, ಉಪ್ಪು ಚಿಟಿಕೆ ಸಾಕು. ಮನೆಯಲ್ಲಿ ಕಡೆದ ಬೆಣ್ಣೆಗೆ ಉಪ್ಪು ಇರುವುದಿಲ್ಲ. ಅಂಗಡಿಯ ಬೆಣ್ಣೆಯಲ್ಲಿ ಉಪ್ಪು ಹಾಕಿದ್ದೂ ಇದೆ, ಪೊಟ್ಟಣ ಓದಿ ಕೊಳ್ಳಿ. ಬೆಣ್ಣೆ ಒಂದು ಸಣ್ಣ ಚಮಚ ಮೀರದಿರಲಿ. ಉಪ್ಪಿನಕಾಯಿ, ಹಪ್ಪಳ, ರೆಡಿಮಿಕ್ಸ್ ದೂರವಿಡಿ. ಪೊಟ್ಟಣದ ಮೇಲೆ ಬರೆದ ಸೋಡಿಯಂ ಅನ್ನು ಎರಡೂವರೆಯಿಂದ ಗುಣಿಸಿದರೆ ಉಪ್ಪಿನ ಪ್ರಮಾಣ ಸಿಗುತ್ತದೆ.

ಎಚ್ಚರಿಕೆ

1. ಉಪ್ಪನ್ನು ಒಮ್ಮೆಲೇ ಪೂರ್ತಿ ಬಿಡಬೇಡಿ. ವಯಸ್ಸಾದವರು, ಮೂತ್ರ ಹೆಚ್ಚಿಸುವ ಮಾತ್ರೆ ತೆಗೆದುಕೊಳ್ಳುವವರು, ಬಿಸಿಲಲ್ಲಿ ದುಡಿದು ಬೆವರುವವರು ಎಷ್ಟು ಕಡಿಮೆ ಮಾಡಬೇಕೆಂದು ವೈದ್ಯರನ್ನೇ ಕೇಳಿ. ತಲೆಸುತ್ತು, ಗೊಂದಲ ಕಂಡರೆ ತಡಮಾಡಬೇಡಿ.
2. 'ಲೋ ಸೋಡಿಯಂ' ಉಪ್ಪಿನಲ್ಲಿ ಪೊಟ್ಯಾಸಿಯಂ ಇರುತ್ತದೆ. ಮೂತ್ರಪಿಂಡದ ತೊಂದರೆ ಇರುವವರಿಗೆ, ಕೆಲವು ಬಿಪಿ ಮಾತ್ರೆ ನುಂಗುವವರಿಗೆ ಅದು ಅಪಾಯ. ವೈದ್ಯರನ್ನು ಕೇಳದೆ ತರಬೇಡಿ.
3. ಕಲ್ಲುಪ್ಪು ತೂಕಕ್ಕೆ ತೂಕ ಪುಡಿ ಉಪ್ಪಿನಷ್ಟೇ ಸೋಡಿಯಂ ಕೊಡುತ್ತದೆ. ಹಾಕುವ ಸ್ವಲ್ಪ ಉಪ್ಪು ಅಯೋಡಿನ್ ಇರುವುದೇ ಆಗಿರಲಿ.
4. ಬಿಪಿ ಇಳಿಯಿತೆಂದು ಮಾತ್ರೆ ನಿಲ್ಲಿಸಬೇಡಿ.
5. ಮನೆಯಲ್ಲಿ ಉಪ್ಪು ಕಡಿಮೆಯಾಯಿತೆಂದು ಕೊಟ್ಟಿಗೆಯಲ್ಲೂ ಕಡಿಮೆ ಮಾಡಬೇಡಿ. ಮೇವಿನಲ್ಲಿ ಸೋಡಿಯಂ ಕಡಿಮೆ, ಹಾಲಿನ ಜೊತೆ ಸ್ವಲ್ಪ ಹೊರಗೂ ಹೋಗುತ್ತದೆ. ಕರೆಯುವ ಹಸುವಿಗೆ ಖನಿಜ ಮಿಶ್ರಣದ ಜೊತೆ ದಿನಕ್ಕೆ ಸುಮಾರು 30 ಗ್ರಾಂ ಉಪ್ಪು ಬೇಕು.

ಮನೆಯವರಿಗೆಲ್ಲ ಬಡಿಸಿ, ಕೊನೆಗೆ ಉಳಿದ ಉಪ್ಪಿನ ಚಟ್ನಿಯಲ್ಲೇ ಊಟ ಮುಗಿಸುವವರು ನೀವೇ. ಬಿಪಿ ಹೆಚ್ಚಿದ್ದರೂ ಎಷ್ಟೋ ಸಲ ಯಾವ ಲಕ್ಷಣವೂ ಕಾಣುವುದಿಲ್ಲ. ಮೂವತ್ತು ದಾಟಿದವರು ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಬಿಪಿ ನೋಡಿಸಿಕೊಳ್ಳಿ. ಹಸುವಿಗೆ ಜ್ವರ ಬಂದರೆ ಆ ಕ್ಷಣವೇ ಫೋನ್ ಮಾಡುವ ನೀವು, ನಿಮಗಾಗಿಯೂ ಒಂದು ಬೆಳಗ್ಗೆ ಬಿಡುವು ಮಾಡಿಕೊಳ್ಳಿ.