ಮಾವಿನ ಹೂವಿಗೆ ಬರುವ ಚುಕ್ಕೆಗಣ್ಣಿನ ನೊಣ

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಸೀಮೆಯಲ್ಲಿ ಅಡಿಕೆ, ತೆಂಗಿನೊಂದಿಗೆ ನಾಲ್ಕಾರು ಮಾವಿನ ಮರಗಳನ್ನು ಇಟ್ಟುಕೊಂಡ ಬೆಳೆಗಾರರು ಬಹಳ ಮಂದಿ. ಮರ ಹೂ ತಳೆದಾಗ ಬೆಳಗಿನ ಬಿಸಿಲಿನಲ್ಲಿ ಗೊಂಚಲಿನ ಬಳಿ ನಿಂತು ನೋಡಿರಿ. ಗಾಳಿಯಲ್ಲಿ ಒಂದೇ ಕಡೆ ತೂಗುಹಾಕಿದಂತೆ ನಿಲ್ಲುವ, ಜೇನಿನಂತಹ ಕೀಟವೊಂದು ಕಾಣಬಹುದು. ಅದು ಜೇನಲ್ಲ, ಹೂನೊಣ. ಶಾಸ್ತ್ರಜ್ಞರು ಇದನ್ನು ಸಿರ್ಫಿಡ್ ನೊಣ ಎನ್ನುತ್ತಾರೆ. ಜೇನಿಗೆ ನಾಲ್ಕು ರೆಕ್ಕೆ, ಇದಕ್ಕೆ ಎರಡೇ. ಇದು ಕುಟುಕುವುದಿಲ್ಲ.

ಬ್ರುನೆಟ್ಟಿ ಎಂಬ ಕೀಟಶಾಸ್ತ್ರಜ್ಞರು 1923ರಲ್ಲಿಯೇ ಭಾರತದ ಹೂನೊಣಗಳನ್ನು ಗ್ರಂಥವೊಂದರಲ್ಲಿ ವಿವರಿಸಿದ್ದಾರೆ. ಇವುಗಳಲ್ಲಿ ಸಾಮಾನ್ಯವಾಗಿ ನಮ್ಮ ಕಣ್ಣಿಗೆ ಬೀಳುವುದು ಎರಿಸ್ಟಲೈನಸ್ ಗುಂಪಿನ ನೊಣ. ಇದರ ದೊಡ್ಡ ಕಣ್ಣುಗಳ ಮೇಲೆ ಚುಕ್ಕೆ ಅಥವಾ ಗೆರೆಗಳಿರುತ್ತವೆ. ಇದರ ಮರಿಹುಳು ಗಂಜಲದ ಗುಂಡಿ, ಕೊಳೆತ ನೀರಿನಲ್ಲಿ ಬೆಳೆದು, ಬಾಲದಂತಹ ಕೊಳವೆಯನ್ನು ನೀರಿನಿಂದ ಮೇಲಕ್ಕೆ ಚಾಚಿ ಉಸಿರಾಡುತ್ತದೆ. ಇಷಿಯೋಡಾನ್ ಎಂಬ ಇನ್ನೊಂದು ಬಗೆಯ ಮರಿಹುಳು ಅವರೆ, ಅಲಸಂದೆಯ ಸಸ್ಯಹೇನುಗಳನ್ನು ತಿಂದು ಬದುಕುತ್ತದೆ.

ರೊಬಸ್ಟಾ ಕಾಫಿಗೆ ಬೇರೆ ಗಿಡದ ಪರಾಗ ಬೇಕು. ಅದನ್ನು ಗಾಳಿ, ಜೇನು ಒಯ್ಯುತ್ತವೆ. ಮಾವಿನ ಪರಾಗವಾದರೋ ಅಂಟಾಗಿರುವುದರಿಂದ ಗಾಳಿಗೆ ಸುಲಭವಾಗಿ ಹಾರದು. ಹೂವಿನಿಂದ ಹೂವಿಗೆ ಅದನ್ನು ಮುಟ್ಟಿಸುವ ಕೆಲಸ ಬಹುಪಾಲು ನೊಣಗಳದ್ದು, ಜೇನುಗಳದ್ದು.

ನಾವು ತಪ್ಪುವುದು ಇಲ್ಲಿಯೇ. ಜಿಗಿಹುಳುವಿನ ಭಯದಿಂದ ಹೂ ಪೂರ್ತಿ ಅರಳಿದ ವೇಳೆಗೆ ಔಷಧಿ ಹೊಡೆದರೆ ಜಿಗಿಹುಳುವಿನೊಂದಿಗೆ ಕಾಯಿ ಕಟ್ಟಿಸುವ ನೊಣವೂ ಸಾಯುತ್ತದೆ. ಹಿಪ್ಪುನೇರಳೆ ಸೊಪ್ಪಿಗೆ ವಿಷ ತಾಗಿದರೆ ರೇಷ್ಮೆ ಹುಳುವಿನ ಗತಿ ಏನೆಂಬುದನ್ನು ನಮ್ಮ ಸೀಮೆಯ ರೈತರಿಗೆ ಹೇಳಬೇಕಾಗಿಲ್ಲ. ನೊಣದ ಗತಿಯೂ ಅದೇ.

ಆದುದರಿಂದ ಸಿಂಪರಣೆ ಬೇಕಾದರೆ ಹೂ ಅರಳುವ ಮುನ್ನ ಮುಗಿಸಿರಿ; ಮತ್ತೆ ಬೇಕೆನಿಸಿದರೆ ಕಾಯಿ ಬಟಾಣಿ ಗಾತ್ರಕ್ಕೆ ಬಂದ ಮೇಲೆ ಮಾಡಿರಿ. ನಡುವೆ ಅನಿವಾರ್ಯವಾದರೆ ತೋಟಗಾರಿಕೆ ಇಲಾಖೆಯವರ ಸಲಹೆ ಪಡೆದು ಸಂಜೆ ಹೊಡೆಯಿರಿ. ಸಿಂಪರಣೆ ಡಬ್ಬಿಯನ್ನು ಗಂಜಲದ ಗುಂಡಿಯಲ್ಲಿ ತೊಳೆಯಬೇಡಿರಿ. ಬದುವಿನಲ್ಲಿ ಕೊತ್ತಂಬರಿ, ಸಾಸಿವೆ ಹೂ ಬಿಡಲು ಬಿಟ್ಟರೆ ಮಾವು ಹೂ ಬಿಡದ ದಿನಗಳಲ್ಲಿಯೂ ಈ ನೊಣಗಳಿಗೆ ಆಹಾರ ದೊರೆಯುತ್ತದೆ.

ಕೂಲಿ ಕೇಳದೆ ದುಡಿಯುವ ಈ ಆಳನ್ನು ನಮ್ಮ ಕೈಯಾರೆ ಕೊಲ್ಲದಿರೋಣ.